ಆವಾಸ ಬ್ಯಾಂಕ್: ಹೊಲ ಒಂದು, ಹೊಣೆ ಮೂವತ್ತು ವರ್ಷ

ಇಂಗ್ಲೆಂಡಿನಲ್ಲಿ ಗೋದಾಮು ಕಟ್ಟಲು ಹೊರಟ ವರ್ತಕನೊಬ್ಬನು ಇಂದು ನಿವೇಶನ, ಸಿಮೆಂಟು, ಉಕ್ಕುಗಳ ಜೊತೆಗೆ ಮತ್ತೊಂದು ಸರಕನ್ನೂ ಖರೀದಿಸಬೇಕಾಗಬಹುದು. ಅದರ ಹೆಸರು ಜೀವವೈವಿಧ್ಯ ಯೂನಿಟ್. ಅದನ್ನು ಲಾರಿಯಲ್ಲಿ ತರುವಂತಿಲ್ಲ, ಗೋದಾಮಿನಲ್ಲಿ ಇಡುವಂತಿಲ್ಲ. ಬೇರೆಲ್ಲೋ ಒಬ್ಬ ರೈತನ ಹೊಲದಲ್ಲಿ ಗೋಧಿಯ ಬದಲು ಕಾಡುಹೂಗಳ ಹುಲ್ಲುಗಾವಲು ಬೆಳೆಯುವುದಕ್ಕೆ, ಮತ್ತು ಅದು ಮೂವತ್ತು ವರ್ಷ ಹಾಗೆಯೇ ಉಳಿಯುವುದೆಂಬ ಕಾನೂನುಬದ್ಧ ಭರವಸೆಗೆ ಸಲ್ಲುವ ಬೆಲೆ ಅದು. ಹೀಗೆ ಯೂನಿಟ್‌ಗಳನ್ನು ಸಿದ್ಧಪಡಿಸಿ ಮಾರುವ ಭೂಮಿಯನ್ನು ಅಲ್ಲಿ ಆವಾಸ ಬ್ಯಾಂಕ್ ಎಂದು ಕರೆಯುತ್ತಾರೆ. ಹೂಡಿಕೆದಾರರು, ಹಿಡುವಳಿದಾರರು, ಸ್ಥಳೀಯ ಸಂಸ್ಥೆಗಳು, ಪರಿಸರ ಸಲಹೆಗಾರರು ಎಲ್ಲರೂ ಇದರಲ್ಲಿ ಪಾಲುದಾರರು.

ನಮ್ಮ ರಾಜ್ಯದಲ್ಲಿ ಈ ಮಾರುಕಟ್ಟೆ ಇಲ್ಲ. ಆದರೆ ಅರಣ್ಯ ಭೂಮಿಗೆ ಬದಲಿ ಭೂಮಿ ಹುಡುಕಿ ಬಸವಳಿದ ಕಲ್ಲುಗಣಿ ಮಾಲೀಕರು, ಪವನ ವಿದ್ಯುತ್ ಉದ್ದಿಮೆದಾರರು, ಕಾರ್ಖಾನೆಗೆ ದಾರಿ ಅಥವಾ ವಿದ್ಯುತ್ ಮಾರ್ಗ ಬೇಕಾದ ಸಣ್ಣ ಕೈಗಾರಿಕೆಗಳವರು ನಮ್ಮಲ್ಲಿಯೂ ಇದ್ದಾರೆ. ಭೂಮಿಯನ್ನು ಹಸಿರು ಮಾಡಿಟ್ಟರೆ ಮುಂದೆ ಹಣವಾಗುತ್ತದೆ ಎಂಬ ಮಾತು ವ್ಯಾಪಾರ ವಲಯದಲ್ಲಿ ಕೇಳಿಬರುವುದೂ ಹೆಚ್ಚಾಗಿದೆ. ಆದ್ದರಿಂದ ಈ ವ್ಯವಹಾರವು ನಿಜವಾಗಿ ಬೆಳೆದಿರುವ ದೇಶದಲ್ಲಿ ಅದು ಹೇಗೆ ನಡೆಯುತ್ತಿದೆ, ಮಾರುವವನು ಯಾವುದಕ್ಕೆ ಸಹಿ ಹಾಕುತ್ತಿದ್ದಾನೆ ಎಂಬುದನ್ನು ಖಾತೆಪುಸ್ತಕದ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ.

ಕಾನೂನಿನಿಂದ ಹುಟ್ಟಿದ ಸರಕು

ಒಂದೆಡೆ ಹಾಳಾದ ನಿಸರ್ಗಕ್ಕೆ ಇನ್ನೊಂದೆಡೆ ಪರಿಹಾರ ಕಟ್ಟಿಕೊಡಬೇಕೆಂಬ ತತ್ವ ಹೊಸದಲ್ಲ. ಪಶ್ಚಿಮ ಜರ್ಮನಿಯು 1976ರಲ್ಲಿಯೇ ಇದನ್ನು ನಿಸರ್ಗ ಸಂರಕ್ಷಣಾ ಕಾನೂನಿನಲ್ಲಿ ಸೇರಿಸಿತು. ಅಮೆರಿಕದಲ್ಲಿ 1972ರ ಶುದ್ಧ ಜಲ ಕಾಯಿದೆಯ ಆಧಾರದ ಮೇಲೆ ಜೌಗುಭೂಮಿಗಳ ಪರಿಹಾರ ಬ್ಯಾಂಕುಗಳು ಬೆಳೆದವು; 1995ರ ಮಾರ್ಗಸೂಚಿ ಅವುಗಳಿಗೆ ಒಂದು ಚೌಕಟ್ಟು ಒದಗಿಸಿದರೆ, 2008ರ ನಿಯಮಾವಳಿಯು ಇತರ ಪರಿಹಾರ ವಿಧಾನಗಳಿಗಿಂತ ಬ್ಯಾಂಕುಗಳಿಗೇ ಆದ್ಯತೆ ನೀಡಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯವು 2008ರಲ್ಲಿ ಬಯೋಬ್ಯಾಂಕಿಂಗ್ ಯೋಜನೆಯನ್ನು ಆರಂಭಿಸಿ, 2017ರಲ್ಲಿ ಅದರ ಸ್ಥಾನದಲ್ಲಿ ಹೊಸ ಪದ್ಧತಿಯನ್ನು ತಂದಿತು.

ಇಂಗ್ಲೆಂಡಿನ ಹೆಜ್ಜೆ ಇವೆಲ್ಲಕ್ಕಿಂತ ವ್ಯಾಪಕವಾದುದು. 2021ರ ಪರಿಸರ ಕಾಯಿದೆಯು ಅಲ್ಲಿನ ಯೋಜನಾ ಕಾನೂನಿಗೆ ತಿದ್ದುಪಡಿ ತಂದು, ಕಟ್ಟಡ ನಿರ್ಮಾಣದಿಂದ ನಿಸರ್ಗಕ್ಕೆ ಆಗುವ ನಷ್ಟವನ್ನು ಸರಿದೂಗಿಸಿದರೆ ಸಾಲದು, ಮೊದಲಿದ್ದುದಕ್ಕಿಂತ ಕನಿಷ್ಠ ಶೇ. 10ರಷ್ಟು ಹೆಚ್ಚು ಉಳಿಸಿ ಹೋಗಬೇಕು ಎಂದು ವಿಧಿಸಿತು. ದೊಡ್ಡ ನಿರ್ಮಾಣಗಳಿಗೆ 2024ರ ಫೆಬ್ರವರಿ 12ರಿಂದ, ಸಣ್ಣವುಗಳಿಗೆ ಅದೇ ವರ್ಷದ ಏಪ್ರಿಲ್ 2ರಿಂದ ಇದು ಕಡ್ಡಾಯವಾಯಿತು. ಅಪರೂಪದ ಕಾಡಿಗೋ ರಾಷ್ಟ್ರೀಯ ಉದ್ಯಾನಕ್ಕೋ ಸೀಮಿತವಾಗಿದ್ದ ಪ್ರಶ್ನೆ ಹೀಗೆ ಸಾಮಾನ್ಯ ಬಡಾವಣೆಯ ನಕ್ಷೆಯೊಳಗೆ ಬಂದು ಕುಳಿತಿತು.

ಬಿಲ್ಡರ್‌ನ ಮುಂದೆ ಮೂರು ದಾರಿಗಳಿವೆ, ಅವುಗಳಿಗೆ ಒಂದು ಕ್ರಮವೂ ಇದೆ. ಮೊದಲು ತನ್ನ ನಿವೇಶನದೊಳಗೇ ಹಸಿರು ಬೆಳೆಸಬೇಕು. ಅಲ್ಲಿ ಸಾಲದಾದರೆ ಹೊರಗಿನ ಭೂಮಿಯಲ್ಲಿ ಸ್ವತಃ ಬೆಳೆಸಬೇಕು ಅಥವಾ ಆವಾಸ ಬ್ಯಾಂಕಿನಿಂದ ಯೂನಿಟ್ ಕೊಳ್ಳಬೇಕು. ಅದೂ ಸಿಗದಿದ್ದಾಗ ಮಾತ್ರ ಸರ್ಕಾರವೇ ಮಾರುವ ಶಾಸನಬದ್ಧ ಕ್ರೆಡಿಟ್‌ಗಳ ಮೊರೆ ಹೋಗಬಹುದು. ಈ ಕ್ರೆಡಿಟ್‌ಗಳ ಬೆಲೆಯನ್ನು ಬೇಕೆಂದೇ ದುಬಾರಿಯಾಗಿ ನಿಗದಿಪಡಿಸಲಾಯಿತು. ಯೋಜನೆ ಆರಂಭವಾದಾಗ ಅತಿ ಅಗ್ಗದ ವರ್ಗದ ಒಂದು ಕ್ರೆಡಿಟ್ಟಿಗೆ 42,000 ಪೌಂಡ್ ಇದ್ದಿತು. ಮೇಲಾಗಿ ಒಂದು ಯೂನಿಟ್ ಕೊರತೆಗೆ ಎರಡು ಕ್ರೆಡಿಟ್ ಕೊಳ್ಳಬೇಕೆಂಬ ನಿಯಮವಿರುವುದರಿಂದ ವಾಸ್ತವ ವೆಚ್ಚ 84,000 ಪೌಂಡ್. ಕೆಲವು ಬಗೆಯ ಸರೋವರಗಳ ವರ್ಗದಲ್ಲಿ ಒಂದು ಕ್ರೆಡಿಟ್ಟಿನ ದರವೇ 6,50,000 ಪೌಂಡ್. ಸರ್ಕಾರ ತನ್ನ ಸರಕಿಗೆ ತಾನೇ ಗಿರಾಕಿ ಬಾರದಿರಲೆಂದು ಬೆಲೆ ಕಟ್ಟಿದ ಅಪರೂಪದ ಪ್ರಸಂಗವಿದು. ಖಾಸಗಿ ಆವಾಸ ಬ್ಯಾಂಕುಗಳ ದರಕ್ಕೆ ಈ ಅಂಕಿಯೇ ಮೇಲ್ಮಿತಿ.

ಯೂನಿಟ್ ಎಣಿಸುವ ಬಗೆ

ಹಕ್ಕಿಯನ್ನಾಗಲೀ ಚಿಟ್ಟೆಯನ್ನಾಗಲೀ ಎಣಿಸಿ ಯೂನಿಟ್ ಲೆಕ್ಕ ಹಾಕುವುದಿಲ್ಲ. ಸರ್ಕಾರ ಪ್ರಕಟಿಸಿರುವ ಮಾಪನ ಪಟ್ಟಿಯಲ್ಲಿ ಆವಾಸದ ವಿಸ್ತೀರ್ಣವನ್ನು ಮೂರು ಅಂಕಿಗಳಿಂದ ಗುಣಿಸಲಾಗುತ್ತದೆ. ಮೊದಲನೆಯದು ಆ ಆವಾಸದ ವೈಶಿಷ್ಟ್ಯ: ಸೊನ್ನೆಯಿಂದ ಎಂಟರವರೆಗೆ. ಡಾಂಬರು ಹಾಸಿದ ನೆಲಕ್ಕೆ ಸೊನ್ನೆ, ಉಳುವ ಹೊಲಕ್ಕೆ 2, ಸಾಧಾರಣ ಕಾಡುಹೂವಿನ ಹುಲ್ಲುಗಾವಲಿಗೆ 4, ಅಪರೂಪದವುಗಳಿಗೆ 6 ಅಥವಾ 8. ಎರಡನೆಯದು ಅದರ ಸ್ಥಿತಿ: ಕಳಪೆಯಾದರೆ 1, ಮಧ್ಯಮವಾದರೆ 2, ಉತ್ತಮವಾದರೆ 3. ಮೂರನೆಯದು ಸ್ಥಳೀಯ ನಿಸರ್ಗ ಯೋಜನೆಯಲ್ಲಿ ಆ ಜಾಗಕ್ಕಿರುವ ಮಹತ್ವ. ಇದು ಹೆಚ್ಚೆಂದರೆ ಶೇ. 15ರಷ್ಟು ಕೂಡಿಸುತ್ತದೆ. ಬೇಲಿಸಾಲುಗಳನ್ನೂ ಹಳ್ಳತೊರೆಗಳನ್ನೂ ಉದ್ದದ ಲೆಕ್ಕದಲ್ಲಿ ಪ್ರತ್ಯೇಕವಾಗಿ ಅಳೆಯುತ್ತಾರೆ; ಒಂದರ ಯೂನಿಟ್ಟನ್ನು ಇನ್ನೊಂದರ ಕೊರತೆಗೆ ಹೊಂದಿಸುವಂತಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. 20 ಹೆಕ್ಟೇರ್ ಗೋಧಿಯ ಹೊಲವಿದೆ ಎಂದುಕೊಳ್ಳೋಣ. ಅದರ ಈಗಿನ ಮೌಲ್ಯ 20 ಗುಣಿಸು 2, ಅಂದರೆ 40 ಯೂನಿಟ್. ಅದನ್ನು ಮಧ್ಯಮ ಸ್ಥಿತಿಯ ಹುಲ್ಲುಗಾವಲಾಗಿ ಮಾರ್ಪಡಿಸಿದರೆ 20 ಗುಣಿಸು 4 ಗುಣಿಸು 2, ಅಂದರೆ 160 ಯೂನಿಟ್. ಆದರೆ ಹುಲ್ಲುಗಾವಲು ನಾಳೆಯೇ ಸಿದ್ಧವಾಗುವುದಿಲ್ಲ. ಅದಕ್ಕೆ ಐದು ವರ್ಷ ಬೇಕೆಂದು ಹಿಡಿದರೆ, ಕಾಯುವ ಪ್ರತಿ ವರ್ಷಕ್ಕೆ ಶೇ. 3.5ರಂತೆ ಮುರಿದುಕೊಂಡು, 160 ಇದ್ದುದು 134ಕ್ಕೆ ಇಳಿಯುತ್ತದೆ. ಮೊದಲಿದ್ದ 40ನ್ನು ಕಳೆದರೆ ಮಾರಲು ಸಿಗುವುದು ಸುಮಾರು 94 ಯೂನಿಟ್. ಹುಂಡಿಯನ್ನು ಅವಧಿಗೆ ಮುಂಚೆ ನಗದು ಮಾಡಿಸಿಕೊಂಡಾಗ ವಟ್ಟ ಮುರಿಯುವ ಲೆಕ್ಕವನ್ನು ಬಲ್ಲ ವರ್ತಕರಿಗೆ ಇದು ಅಪರಿಚಿತವೆನಿಸದು.

ಬ್ಯಾಂಕ್ ಎಂಬ ಹೆಸರಿನ ಅರ್ಥವೂ ಇಲ್ಲಿಯೇ ಇದೆ. ಅದೇ ಹಿಡುವಳಿದಾರನು ಗಿರಾಕಿ ಬರುವ ಮುನ್ನವೇ ಹುಲ್ಲುಗಾವಲು ಬೆಳೆಸಿ ಐದು ವರ್ಷ ಕಾದಿದ್ದರೆ ಕಡಿತವಿಲ್ಲದೆ 120 ಯೂನಿಟ್ ದೊರೆಯುತ್ತಿತ್ತು. ಕಾದುದಕ್ಕೆ 26 ಯೂನಿಟ್ ಬಡ್ಡಿ ಬಂದಂತಾಯಿತು. ಆದರೆ ಆ ಐದು ವರ್ಷ ಗೋಧಿಯ ಆದಾಯವಿಲ್ಲ, ಬೀಜ ಬೇಲಿಗಳ ಖರ್ಚು ಕೈಯಿಂದ, ಗಿರಾಕಿ ಬಂದೇ ಬರುತ್ತಾನೆಂಬ ಖಾತರಿಯೂ ಇಲ್ಲ. ಆದುದರಿಂದಲೇ ದೊಡ್ಡ ಬಂಡವಾಳದವರು ಕಾಯುತ್ತಾರೆ. ಚಿಕ್ಕ ಹಿಡುವಳಿದಾರರು ಮೊದಲೇ ಮಾರುತ್ತಾರೆ.

ವಂಚನೆ ತಡೆಯಲು ಕೆಲವು ಬಿಗಿಗಳಿವೆ. ಅಂಕಿ ಕಡಿಮೆ ತೋರಿಸಲೆಂದು ಅನುಮತಿಗೆ ಮುನ್ನ ಮರಗಿಡ ಸವರಿ ಹಾಕಿದರೆ, 2020ರ ಜನವರಿ 30ರಂದು ಆ ನೆಲ ಹೇಗಿತ್ತೆಂಬುದನ್ನು ಆಧಾರವಾಗಿ ತೆಗೆದುಕೊಳ್ಳುವ ಅವಕಾಶ ಕಾನೂನಿನಲ್ಲಿದೆ. ಉನ್ನತ ವರ್ಗದ ಆವಾಸ ಹಾಳಾದರೆ ಅದೇ ಬಗೆಯದನ್ನೇ ಕೊಡಬೇಕು. ಅಪರೂಪದ ಜೌಗಿಗೆ ಸಾಮಾನ್ಯ ಹುಲ್ಲುಗಾವಲು ಹೊಂದುವುದಿಲ್ಲ. ಶತಮಾನಗಳಷ್ಟು ಹಳೆಯ ಕಾಡಿನಂತಹ ಮತ್ತೆ ಸೃಷ್ಟಿಸಲಾಗದ ಆವಾಸಗಳು ಈ ಲೆಕ್ಕದ ಹೊರಗೇ ಇವೆ. ಇನ್ನು ದೂರದ ಪ್ರಶ್ನೆ. ಯೂನಿಟ್ ಅದೇ ಸ್ಥಳೀಯ ಪ್ರಾಧಿಕಾರದ ಅಥವಾ ಅದೇ ನೈಸರ್ಗಿಕ ವಲಯದ ವ್ಯಾಪ್ತಿಯಲ್ಲಿದ್ದರೆ ಪೂರ್ಣ ಬೆಲೆ, ನೆರೆಯದಾದರೆ ಮುಕ್ಕಾಲು, ಅದಕ್ಕೂ ಆಚೆಯದಾದರೆ ಅರ್ಧ. ಎಂದರೆ, ದೂರದ ಬ್ಯಾಂಕಿನಿಂದ ಕೊಳ್ಳುವವನು ಒಂದರ ಕೊರತೆಗೆ ಎರಡನ್ನು ಕೊಳ್ಳಬೇಕು. ಹೀಗಾಗಿ ಕಟ್ಟಡಗಳು ಏಳದ ಹಳ್ಳಿಗಾಡಿನಲ್ಲಿ ಎಷ್ಟೇ ಚೆಂದದ ಬ್ಯಾಂಕ್ ತೆರೆದರೂ ವ್ಯಾಪಾರ ಮಂದ. ಅಂಗಡಿಗೆ ಜಾಗ ಆರಿಸುವ ಹಳೆಯ ಸೂತ್ರ ಇಲ್ಲಿಯೂ ತಪ್ಪಿದ್ದಲ್ಲ.

ಬ್ಯಾಂಕ್ ತೆರೆಯುವ ಕ್ರಮ

ಮೊದಲ ಕೆಲಸ ಪರಿಸರ ತಜ್ಞರಿಂದ ಭೂಮಿಯ ಸಮೀಕ್ಷೆ. ಆಮೇಲೆ ಮೂವತ್ತು ವರ್ಷಗಳ ನಿರ್ವಹಣಾ ಯೋಜನೆ: ಯಾವ ಬೀಜ, ಯಾವ ತಿಂಗಳು ಕೊಯ್ಲು, ಎಷ್ಟು ದನ ಮೇಯಬಹುದು, ಯಾವ ವರ್ಷ ತಪಾಸಣೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಬಳಿಕ ಕಾನೂನುಬದ್ಧ ಕರಾರು. ಅದನ್ನು ಸ್ಥಳೀಯ ಯೋಜನಾ ಪ್ರಾಧಿಕಾರದೊಂದಿಗೆ ಮಾಡಿಕೊಳ್ಳಬಹುದು, ಇಲ್ಲವೇ ಸರ್ಕಾರವು ಮಾನ್ಯ ಮಾಡಿದ ಜವಾಬ್ದಾರಿಯುತ ಸಂಸ್ಥೆಯೊಂದಿಗೆ ಸಂರಕ್ಷಣಾ ಕರಾರು ಬರೆದುಕೊಡಬಹುದು. ಎರಡನೆಯ ವಿಧಾನವು 2022ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂದಿತು. ಕೊನೆಗೆ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆ ನಿರ್ವಹಿಸುವ ಸಾರ್ವಜನಿಕ ದಾಖಲೆ ಪುಸ್ತಕದಲ್ಲಿ ಭೂಮಿಯನ್ನು ನೋಂದಾಯಿಸಬೇಕು. ಯೋಜನೆಯ ಆರಂಭದಲ್ಲಿ ನೋಂದಣಿ ಶುಲ್ಕ 639 ಪೌಂಡ್ ಇದ್ದಿತು. ಯಾವ ಯೂನಿಟ್ ಯಾವ ಕಟ್ಟಡಕ್ಕೆ ಹೋಯಿತೆಂಬುದೂ ಅಲ್ಲಿಯೇ ದಾಖಲಾಗುವುದರಿಂದ ಒಂದೇ ಯೂನಿಟ್ಟನ್ನು ಇಬ್ಬರಿಗೆ ಮಾರುವ ಸಾಧ್ಯತೆ ಕಡಿಮೆ.

ಕರಾರಿನ ಸ್ವರೂಪವನ್ನು ನಮ್ಮವರು ತಮ್ಮ ಅನುಭವದಿಂದಲೇ ಅರಿಯಬಹುದು. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಒಂದು ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆಯಷ್ಟೆ. ಬೆಟ್ಟದ ಒಡೆತನ ತೋಟಿಗನದಲ್ಲ. ಆದರೂ ಆ ಸೌಲಭ್ಯ ತೋಟಕ್ಕೆ ಅಂಟಿಕೊಂಡಿದೆ. ಆವಾಸ ಬ್ಯಾಂಕಿನ ಕರಾರು ಇದರ ಮಗ್ಗುಲು ಬದಲಿಸಿದ ರೂಪ. ಅಲ್ಲಿ ಭೂಮಿಗೆ ಅಂಟಿಕೊಳ್ಳುವುದು ಹಕ್ಕಿನ ಬದಲು ಹೊಣೆ. ಮಾಲೀಕನು ಹೊಲ ಮಾರಿದರೂ, ಮಕ್ಕಳಿಗೆ ಬಿಟ್ಟು ಹೋದರೂ ಹೊಣೆ ಹೊಲದ ಜೊತೆಗೇ ಸಾಗುತ್ತದೆ. ಭೂಮಿ ಅಡವಿದ್ದರೆ ಸಾಲಕೊಟ್ಟ ಬ್ಯಾಂಕಿನ ಒಪ್ಪಿಗೆ ಬೇಕು; ಗೇಣಿದಾರನಿದ್ದರೆ ಅವನದೂ ಬೇಕು. ಮೂವತ್ತು ವರ್ಷದ ಎಣಿಕೆ ಶುರುವಾಗುವುದು ಸಹಿ ಹಾಕಿದ ದಿನದಿಂದಲ್ಲ, ಆವಾಸ ನಿರ್ಮಾಣದ ಕಾಮಗಾರಿ ಪೂರ್ಣಗೊಂಡ ದಿನದಿಂದ ಎಂಬುದನ್ನೂ ಗಮನಿಸಬೇಕು.

ಮೂವತ್ತನೆಯ ವರ್ಷದ ಬಿಲ್ಲು

ಆಮಿಷವಿರುವುದು ಮೊದಲ ಲೆಕ್ಕದಲ್ಲಿ. ಸಾಧಾರಣ ಹುಲ್ಲುಗಾವಲಿನ ಯೂನಿಟ್ಟಿಗೆ 25,000 ಪೌಂಡ್ ಎಂದು ಹಿಡಿದರೆ ಮೇಲಿನ ಉದಾಹರಣೆಯ 94 ಯೂನಿಟ್‌ಗಳಿಗೆ ಇಪ್ಪತ್ಮೂರೂವರೆ ಲಕ್ಷ ಪೌಂಡ್ ಆಗುತ್ತದೆ. ಅಲ್ಲಿನ ಸಾಧಾರಣ ಉಳುಮೆ ಭೂಮಿಯ ಬೆಲೆ ಹೆಕ್ಟೇರಿಗೆ ಇಪ್ಪತ್ತರಿಂದ ಮೂವತ್ತು ಸಾವಿರ ಪೌಂಡ್‌ನ ಆಸುಪಾಸಿನಲ್ಲಿದೆ. ಇಪ್ಪತ್ತು ಹೆಕ್ಟೇರಿಗೆ ಐದು ಲಕ್ಷವೆನ್ನೋಣ. ಭೂಮಿಯನ್ನು ಮಾರದೆಯೇ ಅದರ ಬೆಲೆಯ ನಾಲ್ಕೈದು ಪಟ್ಟು ಹಣ! ಯಾವ ಹಿಡುವಳಿದಾರನಿಗೂ ಕಣ್ಣು ಅರಳದಿರದು.

ಎರಡನೆಯ ಲೆಕ್ಕ ಮಾತ್ರ ನಿಧಾನವಾಗಿ ತೆರೆದುಕೊಳ್ಳುತ್ತದೆ. ದಶಕಗಳ ಕಾಲ ಗೊಬ್ಬರ ಉಂಡ ಹೊಲದ ಮಣ್ಣಿನಲ್ಲಿ ರಂಜಕ ತುಂಬಿರುತ್ತದೆ. ರೈತನ ಕಣ್ಣಿಗೆ ಫಲವತ್ತಾದ ಆ ಮಣ್ಣು ಕಾಡುಹೂವಿಗೆ ಶತ್ರು, ಏಕೆಂದರೆ ಒರಟು ಹುಲ್ಲು ಸೊಕ್ಕಿ ಬೆಳೆದು ಹೂಗಿಡಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ವರ್ಷ ವರ್ಷವೂ ಹುಲ್ಲು ಕೊಯ್ದು, ಅದನ್ನು ಅಲ್ಲಿಯೇ ಕೊಳೆಯಲು ಬಿಡದೆ ಹೊರಗೆ ಸಾಗಿಸಿ, ಮಣ್ಣಿನ ಸಾರ ಇಳಿಸಬೇಕು. ಹುಲ್ಲಿನ ಬೇರಿಗೆ ಅಂಟಿ ಅದರ ಸತ್ವ ಹೀರುವ ಯೆಲ್ಲೋ ರ‍್ಯಾಟಲ್ ಎಂಬ ಹಳದಿ ಹೂವಿನ ಗಿಡವನ್ನು ಬೇಕೆಂದೇ ಬಿತ್ತುತ್ತಾರೆ. ನಮ್ಮ ರೈತನು ಜೋಳದ ಹೊಲದ ಕಸೆಯನ್ನು ಕಿತ್ತೆಸೆಯಲು ಹೆಣಗಿದರೆ, ಅಲ್ಲಿನವನು ಅದೇ ಜಾತಿಯ ಪರಾವಲಂಬಿಯನ್ನು ದುಡ್ಡು ಕೊಟ್ಟು ತರುತ್ತಾನೆ. ಕೊಯ್ಲಾದ ಮೇಲೆ ದನ ಮೇಯಿಸಬೇಕು, ಅತಿಯಾಗಿ ಮೇಯಿಸಬಾರದು. ಕಳೆ ಕೀಳಬೇಕು, ಬೇಲಿ ದುರಸ್ತಿ ಮಾಡಬೇಕು. ಕರಾರಿನಲ್ಲಿ ಹೇಳಿದ ವರ್ಷಗಳಲ್ಲಿ ತಜ್ಞರನ್ನು ಕರೆಸಿ ವರದಿ ಸಲ್ಲಿಸಬೇಕು, ಪ್ರಾಧಿಕಾರಕ್ಕೆ ತಪಾಸಣಾ ಶುಲ್ಕ ಕಟ್ಟಬೇಕು. ಹುಲ್ಲುಗಾವಲು ಮಧ್ಯಮ ಸ್ಥಿತಿ ತಲುಪದಿದ್ದರೆ ಮತ್ತೆ ಬಿತ್ತಬೇಕು. ಅದರ ಖರ್ಚು ಯೂನಿಟ್ ಕೊಂಡವನದಲ್ಲ, ಹೊಣೆಯನ್ನು ಬೆಲೆಯ ಜೊತೆಗೇ ವರ್ಗಾಯಿಸಿ ಅವನು ಮನೆಗೆ ಹೋಗಿರುತ್ತಾನೆ.

ಈ ಖರ್ಚಿಗೆ ಒಂದು ಕಾಲ್ಪನಿಕ ಅಂಕಿ ಹಾಕಿ ನೋಡಬಹುದು. ನಿರ್ವಹಣೆಗೆ ಹೆಕ್ಟೇರಿಗೆ ವರ್ಷಕ್ಕೆ 300 ಪೌಂಡ್ ಎಂದರೆ ಮೊದಲ ವರ್ಷ 6,000. ಬೆಲೆಗಳು ವರ್ಷಕ್ಕೆ ಶೇ. 3ರಂತೆ ಏರಿದರೆ ಮೂವತ್ತನೆಯ ವರ್ಷ ಅದೇ ಕೆಲಸಕ್ಕೆ 14,100 ಪೌಂಡ್. ಮೂವತ್ತು ವರ್ಷಗಳ ಒಟ್ಟು ಸುಮಾರು 2,85,000. ಸಮೀಕ್ಷೆ, ವಕೀಲರು, ತಪಾಸಣೆ, ಬರಗಾಲದ ಮರುಬಿತ್ತನೆ ಇವೆಲ್ಲ ಇದಕ್ಕೆ ಹೊರತು. ಇಪ್ಪತ್ಮೂರು ಲಕ್ಷದ ಎದುರು ಇದು ದೊಡ್ಡದಲ್ಲ ಎನ್ನಿಸಬಹುದು. ಎಲ್ಲ 94 ಯೂನಿಟ್‌ಗಳೂ ಮಾರಾಟವಾದರೆ ನಿಜ, ದೊಡ್ಡದಲ್ಲ. ಹತ್ತೇ ಯೂನಿಟ್ ಮಾರಾಟವಾಗಿ, ಆ ಹತ್ತರ ಕರಾರಿಗಾಗಿ ಇಡೀ ಇಪ್ಪತ್ತು ಹೆಕ್ಟೇರನ್ನೂ ಹುಲ್ಲಿಗೆ ಬಿಟ್ಟಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ: ಬಂದದ್ದು ಎರಡೂವರೆ ಲಕ್ಷ, ಹೋಗುವುದು ಅದಕ್ಕಿಂತ ಹೆಚ್ಚು, ಗೋಧಿಯ ಆದಾಯವೂ ಇಲ್ಲ.

ಆದ್ದರಿಂದ ಅಲ್ಲಿನ ಎಚ್ಚರದ ಹಿಡುವಳಿದಾರರು ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಗಿರಾಕಿ ದೊರೆತಂತೆ ಒಂದೊಂದೇ ತುಂಡನ್ನು ಹೊಣೆಗೆ ಒಳಪಡಿಸುತ್ತಾರೆ. ಬಂದ ಹಣದಲ್ಲಿ ಮೂವತ್ತು ವರ್ಷಗಳ ನಿರ್ವಹಣಾ ವೆಚ್ಚವನ್ನು ಮೊದಲು ಪ್ರತ್ಯೇಕ ನಿಧಿಯಾಗಿ ಇಟ್ಟು, ಉಳಿದದ್ದನ್ನು ಮಾತ್ರ ಲಾಭವೆಂದು ಕಾಣುತ್ತಾರೆ. ಅಮೆರಿಕದ ನಿಯಮ ಇದನ್ನು ವ್ಯಾಪಾರಿಯ ವಿವೇಕಕ್ಕೆ ಬಿಟ್ಟಿಲ್ಲ. ಅಲ್ಲಿ ಜೌಗು ನಿಜವಾಗಿ ರೂಪುಗೊಳ್ಳುತ್ತಿದೆ ಎಂಬುದು ಹಂತಹಂತವಾಗಿ ಸಾಬೀತಾದಂತೆ ಕ್ರೆಡಿಟ್‌ಗಳು ಕಂತಿನಲ್ಲಿ ಬಿಡುಗಡೆಯಾಗುತ್ತವೆ, ಜೊತೆಗೆ ಆರ್ಥಿಕ ಭದ್ರತೆಯನ್ನೂ ಒದಗಿಸಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಬೀಜ ಬಿತ್ತುವ ಮೊದಲೇ ಯೂನಿಟ್ ಮಾರಲು ಅವಕಾಶವಿದೆ. ಸಡಿಲ ನಿಯಮ ಮಾರುವವನಿಗೆ ಅನುಕೂಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮುಂಗಡವಾಗಿ ಬಂದ ಹಣ ಬೇರೆಡೆ ಖರ್ಚಾಗಿಹೋಗಿ, ಹದಿನೈದನೆಯ ವರ್ಷ ಮರುಬಿತ್ತನೆಯ ನೋಟಿಸು ಬಂದಾಗ ಗೊತ್ತಾಗುತ್ತದೆ, ಅದು ಆದಾಯವಾಗಿರಲಿಲ್ಲ, ಠೇವಣಿಯಾಗಿತ್ತು ಎಂದು. ಇಲ್ಲಿ ಜಮೆಯ ಕಡೆ ಬರೆದ ಪ್ರತಿ ಯೂನಿಟ್ಟೂ ಖರ್ಚಿನ ಕಡೆ ಮೂವತ್ತು ಸಾಲು ಕೇಳುತ್ತದೆ.

ಬೇಡಿಕೆ ಯಾರ ಕೈಯಲ್ಲಿದೆ?

ಅಕ್ಕಿಗೆ ಬೇಡಿಕೆ ಹಸಿವಿನಿಂದ ಬರುತ್ತದೆ. ಯೂನಿಟ್‌ಗೆ ಬೇಡಿಕೆ ಬರುವುದು ಕಾನೂನಿನ ಒಂದು ಕಲಮಿನಿಂದ. ಕಲಮು ಬದಲಾದರೆ ಮಾರುಕಟ್ಟೆಯೂ ಬದಲಾಗುತ್ತದೆ. ಆದರೆ ಅದಾಗಲೇ ಸಹಿಯಾದ ಮೂವತ್ತು ವರ್ಷದ ಕರಾರು ಬದಲಾಗುವುದಿಲ್ಲ. ಈ ವ್ಯವಹಾರದ ಅತಿ ದೊಡ್ಡ ಅಪಾಯ ಇದೇ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಿನಲ್ಲಿ ಸ್ಯಾಕೆಟ್ ಪ್ರಕರಣದಲ್ಲಿ ತೀರ್ಪು ನೀಡಿ, ಬಹುತೇಕ ಶಾಶ್ವತವಾದ ಜಲಮೂಲಗಳೊಂದಿಗೆ ಮೇಲ್ಮೈಯಲ್ಲಿ ನಿರಂತರ ಸಂಪರ್ಕವಿರುವ ಜೌಗುಗಳಿಗೆ ಮಾತ್ರ ಶುದ್ಧ ಜಲ ಕಾಯಿದೆಯ ರಕ್ಷಣೆ ಎಂದಿತು. ರಕ್ಷಣೆ ತಪ್ಪಿದ ಜೌಗನ್ನು ತುಂಬಿಸಲು ಆ ಕಾಯಿದೆಯ ಅನುಮತಿ ಬೇಕಿಲ್ಲ. ಅನುಮತಿ ಬೇಡವಾದಲ್ಲಿ ಅದಕ್ಕಾಗಿ ಕ್ರೆಡಿಟ್ ಕೊಳ್ಳುವ ಅಗತ್ಯವೂ ಇಲ್ಲ. ಇಂಗ್ಲೆಂಡಿನಲ್ಲಿಯೂ ಸಣ್ಣ ಬಿಲ್ಡರುಗಳ ದೂರಿಗೆ ಓಗೊಟ್ಟ ಸರ್ಕಾರವು 0.2 ಹೆಕ್ಟೇರಿಗಿಂತ ಚಿಕ್ಕ ನಿವೇಶನಗಳಿಗೆ ವಿನಾಯಿತಿ ಕೊಡುವ ನಿರ್ಧಾರವನ್ನು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಕಡ್ಡಾಯವಾಗಿ ಎರಡು ವರ್ಷ ತುಂಬುವ ಮೊದಲೇ ಬಂದ ಬದಲಾವಣೆಯಿದು. ರಾಷ್ಟ್ರಮಟ್ಟದ ಮೂಲಸೌಕರ್ಯ ಯೋಜನೆಗಳಿಗೆ 2025ರ ನವೆಂಬರ್‌ನಿಂದ ಅನ್ವಯವಾಗಬೇಕಿದ್ದ ನಿಯಮವೂ ಮುಂದಕ್ಕೆ ಹೋಯಿತು. ಸಣ್ಣ ಬಿಲ್ಡರನ ಕಷ್ಟ ಸುಳ್ಳಲ್ಲ. ನಾಲ್ಕು ಮನೆ ಕಟ್ಟುವವನು ಸಮೀಕ್ಷೆಗೆ ತೆರುವ ಹಣ ನಲವತ್ತು ಮನೆ ಕಟ್ಟುವವನು ತೆರುವುದಕ್ಕಿಂತ ಬಹಳ ಕಡಿಮೆಯೇನೂ ಇರುವುದಿಲ್ಲ. ಆದರೆ ಆ ಚಿಕ್ಕ ನಿವೇಶನದವರೇ ತನ್ನ ಗಿರಾಕಿಗಳೆಂದು ನಂಬಿ ಹೊಲವನ್ನು ಹುಲ್ಲಿಗೆ ಬಿಟ್ಟವನ ಕಷ್ಟವೂ ಸುಳ್ಳಲ್ಲ.

ಇದಕ್ಕೆ ವಿರುದ್ಧವಾದ ತೊಡಕು ನ್ಯೂ ಸೌತ್ ವೇಲ್ಸ್‌ನದು. ಅಲ್ಲಿನ ಮಹಾಲೇಖಪಾಲರು 2022ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ, ಬೇಡಿಕೆಗೆ ತಕ್ಕ ಕ್ರೆಡಿಟ್‌ಗಳೇ ಮಾರುಕಟ್ಟೆಯಲ್ಲಿ ಇಲ್ಲವೆಂದೂ, ಬಿಲ್ಡರುಗಳು ಹಣವನ್ನು ಸರ್ಕಾರಿ ನಿಧಿಗೆ ಕಟ್ಟಿ ಕೈತೊಳೆದುಕೊಂಡ ಮೇಲೆ ಪರಿಹಾರ ಹುಡುಕುವ ಹೊರೆ ನಿಧಿಯ ಮೇಲೆ ಬೀಳುತ್ತಿದೆಯೆಂದೂ ಎಚ್ಚರಿಸಿದರು. ಹಲವು ಬಗೆಯ ಜೀವಿಗಳಿಗೆ ಪ್ರತ್ಯೇಕ ಕ್ರೆಡಿಟ್ ಎಂದರೆ ಹಲವು ಪುಟ್ಟ ಮಾರುಕಟ್ಟೆಗಳು; ಒಂದೊಂದರಲ್ಲಿಯೂ ಕೊಳ್ಳುವವನು ಮಾರುವವನು ಎದುರುಬದುರಾಗುವುದು ದುರ್ಲಭ. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು 2024ರ ಮೇ ತಿಂಗಳ ವರದಿಯಲ್ಲಿ ಎತ್ತಿದ ಪ್ರಶ್ನೆ ಇನ್ನೂ ನೇರವಾದುದು: ಮೂವತ್ತು ವರ್ಷ ಈ ಹುಲ್ಲುಗಾವಲುಗಳನ್ನು ನೋಡಿ ಬರುವ ಸಿಬ್ಬಂದಿಯೂ ಹಣವೂ ಸ್ಥಳೀಯ ಸಂಸ್ಥೆಗಳಲ್ಲಿ ಇವೆಯೇ?

ನಮ್ಮಲ್ಲಿರುವುದು ಮರದ ಲೆಕ್ಕ

ಭಾರತದಲ್ಲಿ ಇದಕ್ಕೆ ಹತ್ತಿರವಾದ ವ್ಯವಸ್ಥೆ ಪರಿಹಾರಾತ್ಮಕ ಅರಣ್ಯೀಕರಣ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಡಿ, ಅಂದರೆ 2023ರ ಡಿಸೆಂಬರ್‌ನಿಂದ ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮವೆಂದು ಕರೆಯಲಾಗುತ್ತಿರುವ ಕಾಯಿದೆಯಡಿ, ಅರಣ್ಯ ಭೂಮಿಯನ್ನು ಅನ್ಯ ಕಾರ್ಯಕ್ಕೆ ಪಡೆಯುವವರು ಸಾಮಾನ್ಯವಾಗಿ ಅಷ್ಟೇ ವಿಸ್ತೀರ್ಣದ ಅರಣ್ಯೇತರ ಭೂಮಿಯನ್ನು ಕೊಟ್ಟು ಅಲ್ಲಿ ಅರಣ್ಯ ಬೆಳೆಸುವ ವೆಚ್ಚ ಭರಿಸಬೇಕು. ಇದಲ್ಲದೆ ಅರಣ್ಯದ ನಿವ್ವಳ ಪ್ರಸ್ತುತ ಮೌಲ್ಯವನ್ನೂ ಕಟ್ಟಬೇಕು. ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂ.ವರೆಗೆ ನಿಗದಿಪಡಿಸಿದ್ದ ಈ ದರವನ್ನು 2022ರಲ್ಲಿ ಏರಿಸಲಾಯಿತು. 2016ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂದ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯಂತೆ ಈ ಹಣದ ಶೇ. 90 ರಾಜ್ಯಗಳಿಗೆ, ಶೇ. 10 ಕೇಂದ್ರಕ್ಕೆ ಸೇರುತ್ತದೆ.

ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಆದರೆ ಮಹಾಲೇಖಪಾಲರ 2013ರ ವರದಿಯ ಪ್ರಕಾರ, 2006ರಿಂದ 2012ರ ಅವಧಿಯಲ್ಲಿ ದೇಶದಲ್ಲಿ ಪರಿಹಾರವಾಗಿ ಬರಬೇಕಿದ್ದ ಅರಣ್ಯೇತರ ಭೂಮಿ 1,03,382 ಹೆಕ್ಟೇರ್. ಬಂದದ್ದು 28,086 ಹೆಕ್ಟೇರ್. ಗಿಡ ನೆಟ್ಟದ್ದು 7,281 ಹೆಕ್ಟೇರಿನಲ್ಲಿ ಮಾತ್ರ. ಹಣ ಇದ್ದೂ ನೆಲ ಸಿಗದಿರುವುದೇ ನಮ್ಮ ಮೂಲ ತೊಡಕು ಎಂಬುದು ಈ ಅಂಕಿಗಳಿಂದ ವಿದಿತ.

ಈ ಕೊರತೆ ನೀಗಲೆಂದೇ 2022ರಿಂದ ಮಾನ್ಯತೆ ಪಡೆದ ಪರಿಹಾರಾತ್ಮಕ ಅರಣ್ಯೀಕರಣವೆಂಬ ಪದ್ಧತಿ ನಿಯಮಗಳಲ್ಲಿ ಸೇರಿತು. ಖಾಸಗಿಯವರೂ ಅರಣ್ಯೇತರ ಭೂಮಿಯಲ್ಲಿ ಮುಂಚಿತವಾಗಿಯೇ ಮರ ಬೆಳೆಸಿಟ್ಟು, ಮುಂದೆ ಯೋಜನೆಗಳಿಗೆ ಬದಲಿಯಾಗಿ ನೀಡಲು ಇದು ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ ಕನಿಷ್ಠ 10 ಹೆಕ್ಟೇರ್‌ಗಳ ಒಂದೇ ತಾಕು ಇರಬೇಕು, ಮರಗಳಿಗೆ ಐದು ವರ್ಷವಾದರೂ ವಯಸ್ಸಾಗಿರಬೇಕು, ನೆಲದ ಶೇ. 40ರಷ್ಟನ್ನಾದರೂ ಅವುಗಳ ನೆರಳು ಮುಚ್ಚಿರಬೇಕು. ಅಭಯಾರಣ್ಯ ಅಥವಾ ವನ್ಯಜೀವಿ ಸಂಚಾರ ಪಥದೊಳಗಿನ ಭೂಮಿಗೆ ವಿಸ್ತೀರ್ಣದ ನಿರ್ಬಂಧವಿಲ್ಲ. ಮುಂಚಿತವಾಗಿ ಬೆಳೆಸಿಡುವ ಮಟ್ಟಿಗೆ ಇದು ಆವಾಸ ಬ್ಯಾಂಕಿನ ದಾಯಾದಿಯೇ. ಆದರೆ ಇಂಗ್ಲೆಂಡಿನಲ್ಲಿ ಹೊಲದ ಒಡೆತನ ಹಿಡುವಳಿದಾರನಲ್ಲಿಯೇ ಉಳಿಯುತ್ತದೆ, ಹೊಣೆ ಮಾತ್ರ ಬೀಳುತ್ತದೆ. ನಮ್ಮಲ್ಲಿ ಪರಿಹಾರವಾಗಿ ನೀಡಿದ ಅರಣ್ಯೇತರ ಭೂಮಿ ಅರಣ್ಯ ಇಲಾಖೆಗೆ ಹಸ್ತಾಂತರವಾಗಿ ರಕ್ಷಿತ ಅರಣ್ಯವೆಂದು ಅಧಿಸೂಚನೆಗೊಳ್ಳುತ್ತದೆ. ಅಲ್ಲಿಯದು ದೀರ್ಘಾವಧಿ ಸೇವೆಯ ಗುತ್ತಿಗೆ, ಇಲ್ಲಿಯದು ಭೂಮಿಯ ಪೂರ್ಣ ಮಾರಾಟ. ಇಲ್ಲಿ ಬೆಲೆ ಕಟ್ಟುವವರು ಮರದ ಬೆಲೆಯನ್ನಷ್ಟೇ ಕಂಡು ನೆಲದ ಬೆಲೆಯನ್ನು ಮರೆತರೆ ಕೆಟ್ಟರು.

ಇನ್ನೊಂದು ವ್ಯತ್ಯಾಸ ನಮ್ಮ ನಾಡಿಗೆ ಹೆಚ್ಚು ನೋವಿನದು. ಇಂಗ್ಲೆಂಡಿನ ಮಾಪನವು ಹುಲ್ಲಿಗೂ ಜೌಗಿಗೂ ಬೇಲಿಸಾಲಿಗೂ ಅಂಕ ಕೊಡುತ್ತದೆ. ನಮ್ಮ ನಿಯಮ ನೋಡುವುದು ಮರದ ನೆರಳನ್ನು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ 2007ರ ನಂತರ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುರಿ ಸಾಕುವವರಿಗೂ ಕಂಬಳಿ ನೇಯುವವರಿಗೂ ಆಸರೆಯಾಗಿದ್ದ ಆ ಬಯಲಿನ ಮೌಲ್ಯವನ್ನು ಮರದ ಅಳತೆಗೋಲು ಹಿಡಿದು ಅಳೆದರೆ ಬರುವ ಉತ್ತರ ಸೊನ್ನೆಯ ಹತ್ತಿರ. ಕೃಷ್ಣಮೃಗಗಳಿಗಾಗಿಯೇ 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದೊಳಗೂ ನೀಲಗಿರಿ ನೆಡುತೋಪುಗಳಿವೆ. ಬಯಲಲ್ಲಿ ಓಡುವ ಪ್ರಾಣಿಗೆ ತೋಪು ಕಟ್ಟಿಕೊಟ್ಟಂತಾಯಿತು. ಒಣಭೂಮಿಯ ಕಾವಲಿನಲ್ಲಿ ಶೇ. 40ರ ನೆರಳು ಬೆಳೆಸಿ ಪರಿಹಾರ ಪಡೆಯುವವನು, ಇಂಗ್ಲೆಂಡಿನವನು ಯಾವ ಆವಾಸವನ್ನು ಮಾರುತ್ತಿದ್ದಾನೋ ಅಂತಹುದನ್ನೇ ಅಳಿಸಿರುತ್ತಾನೆ.

2023ರ ಅಕ್ಟೋಬರ್ 12ರಂದು ಅಧಿಸೂಚನೆಗೊಂಡ ಹಸಿರು ಕ್ರೆಡಿಟ್ ನಿಯಮಗಳ ಬಗ್ಗೆಯೂ ವರ್ತಕರಲ್ಲಿ ಕುತೂಹಲವಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಇದರ ನಿರ್ವಾಹಕ ಸಂಸ್ಥೆ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಮೊದಲ ವಿಧಾನವು ನೆಟ್ಟ ಮರವೊಂದಕ್ಕೆ ಒಂದು ಕ್ರೆಡಿಟ್ ಎಂಬ ಸರಳ ಸೂತ್ರ ಹಿಡಿದಿತ್ತು. ಅದಕ್ಕೆ ಬಂದ ಆಕ್ಷೇಪಗಳ ಬಳಿಕ 2025ರ ಆಗಸ್ಟ್‌ನ ಪರಿಷ್ಕೃತ ವಿಧಾನವು, ಐದು ವರ್ಷ ಕಳೆದು ಶೇ. 40ರ ನೆರಳು ತಲುಪಿದ ಮೇಲೆಯೇ, ಬದುಕುಳಿದ ಮರಗಳ ಆಧಾರದ ಮೇಲೆ ಕ್ರೆಡಿಟ್ ನೀಡುವುದೆಂದು ಬಿಗಿಗೊಳಿಸಿತು. ಈ ಕ್ರೆಡಿಟ್ಟನ್ನು ಪರಿಹಾರಾತ್ಮಕ ಅರಣ್ಯೀಕರಣದ ಹೊಣೆಗೆ ಅಥವಾ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಒಮ್ಮೆ ಬಳಸಿಕೊಳ್ಳಬಹುದು.

ಹಿಡುವಳಿಯಲ್ಲಿ ಗಿಡ ನೆಟ್ಟು ಹಸಿರು ಕ್ರೆಡಿಟ್ ಮಾರೋಣವೆಂದು ಮುಂಗಡ ಕರಾರಿಗೆ ಕಾಗದ ತರುವ ಮಧ್ಯವರ್ತಿಯನ್ನು ಎರಡು ವಿಷಯಗಳ ಬಗ್ಗೆ ಕೇಳಬೇಕು. ಮೊದಲನೆಯದಾಗಿ, ಈ ಯೋಜನೆಯ ಗಿಡ ನೆಡುವಿಕೆ ನಡೆಯುವುದು ಅರಣ್ಯ ಇಲಾಖೆ ಗುರುತಿಸಿದ ಸವಕಳಿ ಅರಣ್ಯ ಭೂಮಿಯಲ್ಲಿ, ರೈತನ ಪಹಣಿಯ ಭೂಮಿಯಲ್ಲಲ್ಲ. ಎರಡನೆಯದಾಗಿ, ಪರಿಷ್ಕೃತ ವಿಧಾನದಡಿ ದೊರೆಯುವ ಕ್ರೆಡಿಟ್ಟನ್ನು ಮಾತೃ ಕಂಪನಿ ಮತ್ತು ಅದರ ಅಂಗ ಕಂಪನಿಗಳ ನಡುವೆ ಹೊರತು ಬೇರಾರಿಗೂ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ.